ಜಿನ್ನಿನ್ಯಾಗ ಆಡಿಸಿದ ಒಡಪಿನ ಆಟ

ಕದ ಮುಂದಕ್ಕ ಮಾಡಿ ಸನೇಕ ಬರ್ರಿ. ನಿಮ್ಮ ಮಕ್ಕಳ ಆಣಿ, ಇದನ್ನ ಯಾರ ಮುಂದೂ ಅನಬ್ಯಾಡ್ರಿ.

ನಿಜಾಮನ ಕಾಲದಾಗ ನಾನು ಕೊಪ್ಪಳದಾಗ ಹತ್ತಿ ಬೀಜ ಬಿಡಿಸೋ ಜಿನ್ನಿನ್ಯಾಗ ಹೆಣ್ಣಾಳುಗಳನ್ನ ದುಡಿಸೋ ಹೆಣ್ಣು ಮುಕಾದಮ್ ಇದ್ದೆ. ಕುಷ್ಟಗಿಯವರದೊಂದು ಗುಂಪು, ಯಲಬುರ್ಗಾದವರದೊಂದು, ದಿನಾ ಜಗಳ. "ಇವರನ್ನ ಒಂದ್ ಮಾಡು, ಇಲ್ಲಾಂದ್ರ ನಾಳಿಂದ ನಿಮಗೆಲ್ಲಾ ಕೆಲಸ ಬಂದ್" ಅಂದ ಮಾಲಕ. ನನಗ ಕುಂತಲ್ಲಿ ಕುಂದ್ರಾಕ ಆಗಲಿಲ್ಲ. ಬುತ್ತಿ ಬಿಚ್ಚೋ ಹೊತ್ತಿಗೆ ಎಲ್ಲಾರನ್ನೂ ಬೆರಸಿ ಕುಂದ್ರಿಸಿ, ಒಡಪು ಕಟ್ಟಿ ಗಂಡನ ಹೆಸರು ಹೇಳೋ ಆಟ ಹೂಡಿದೆ.

ಕುಷ್ಟಗಿಯ ಗಂಗವ್ವ ನಾಚಿಕೊಂತ, "ಬಂಡಿ ಹೊಡಿತಾನ, ಬೀಡಿ ಸೇದ್ತಾನ, ನಾಕು ಬೆರಳಿನ ಯಮನೂರಪ್ಪ ನನ್ನ ಗಂಡ" ಅಂದಳು.

ಯಲಬುರ್ಗಾದ ಶಾಂತವ್ವ ದಡಕ್ಕನ ಎದ್ದಳು. "ಏನಂದಿ? ಆ ಬೆರಳು ನಮ್ಮ ಗಾಣದಾಗ ಸಿಕ್ಕು ಹೋಗೈತಿ. ಅಂವ ನನ್ನ ಗಂಡ!"

ಕೆಲಸ ಹೋತು ಅಂತ ನಾನು ತಲಿ ಹಿಡಕೊಂಡೆ. ಆದ್ರ ಸಂಜಿಕ ಹತ್ತಿ ಬಂಡಿ ತಂದ ಯಮನೂರಪ್ಪನ್ನ ಎರಡೂ ಗುಂಪು ಕೂಡೇ ಬಡದ್ವು. ಮರುದಿನ ಎಲ್ಲಾರೂ ಒಂದೇ ಸಾಲಿನ್ಯಾಗ ಕುಂತು ಉಂಡ್ರು. ಮಾಲಕ ಖುಷ್!

ಆಗ ಈ ಸುದ್ದಿ ಕೇಳಿದ ನಮ್ಮ ಬಾಜೂ ಮನಿ ಹುಸೇನಬಿ ನನ್ನ ಮಾರಿ ಮ್ಯಾಲೇ ಅಂದಳು: "ಎಲ್ಲಾರ ಬಾಯಾಗೂ ಗಂಡನ ಹೆಸರು ಹೇಳಿಸಿದೆಲ್ಲ ಯಕ್ಕಾ, ನೀ ಯಾಕ ಹೇಳಲಿಲ್ಲ? ಮತ್ಯಾರರ ಎದ್ದು ನಿಂತಾರಂತ ಅಂಜಿದೇನು?"