ಮಂಡಿಯೊಳಗೆ ಇಣುಕುವ ಮೇಡಂ

ಕಿಟಕಿಗೆ ಇನ್ನೂ ಬೆಳಕು ಬಂದಿಲ್ಲ. ಆಸ್ಪತ್ರೆಯ ನೆಲಮಹಡಿಯ ಸ್ಕ್ಯಾನಿಂಗ್ ಕೋಣೆಯಲ್ಲಿ ಒಬ್ಬ ಹೆಂಗಸು ಜೆಲ್ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಳಿಸಿಟ್ಟು, ಆಗಾಗ ಒಂದು ತೊಟ್ಟು ತಮ್ಮ ಮುಂಗೈಗೆ ಬಿಟ್ಟುಕೊಂಡು ನೋಡುತ್ತಿದ್ದಾರೆ. "ತಣ್ಣಗಿರೋದನ್ನ ಹಚ್ಚಿದ್ರೆ ಬೆಚ್ಚಿಬೀಳ್ತಾರೆ. ಮೊದಲೇ ಹೆದರಿ ಬಂದಿರ್ತಾರೆ, ಪಾಪ" ಎನ್ನುತ್ತಾರೆ.

ಆಸ್ಪತ್ರೆಯವರಿಗೆಲ್ಲ ಇವರು 'ಮಂಡಿ ಮೇಡಂ'. ಅಲ್ಟ್ರಾಸೌಂಡ್ ಯಂತ್ರದ ಹಿಡಿಯನ್ನು ದಿನಕ್ಕೆ ಇಪ್ಪತ್ತರ ಆಸುಪಾಸು ಮಂಡಿಗಳ ಮೇಲೆ ಆಡಿಸಿ, ಒಳಗಿನ ನಂಟು ಗಂಟುಗಳನ್ನು ಪರದೆಯ ಮೇಲೆ ಹಿಡಿದುಕೊಡುವುದು ಇವರ ಕೆಲಸ. "ಮಂಡಿಗೂ ಸ್ಕ್ಯಾನಿಂಗಾ? ಹೊಟ್ಟೇಲಿ ಮಗು ಇದ್ರೆ ಮಾತ್ರ ಮಾಡೋದು ಅಂದ್ಕೊಂಡಿದ್ದೆ" ಎಂದು ಹುಬ್ಬೇರಿಸುವ ಅಜ್ಜಂದಿರಿಗೆ ಇವರ ಉತ್ತರ ಸಿದ್ಧ: "ಮಗು ಇರಲ್ಲ ಬಿಡಿ ತಾತ, ನೀರು ತುಂಬಿದೆಯಾ ನೋಡ್ತೀನಿ."

ಮೊದಲು ಇವರೂ ಹೊಟ್ಟೆಯ ಸ್ಕ್ಯಾನಿಂಗ್ ಮಾತ್ರ ಮಾಡುತ್ತಿದ್ದವರು. ಹೊಸದಾಗಿ ಬಂದ ಮೂಳೆ ಡಾಕ್ಟರು ಮಂಡಿಯನ್ನೂ ನೋಡಿ ಎಂದಾಗ ಪರದೆಯ ಮುಂದೆ ತಬ್ಬಿಬ್ಬಾದರು. "ಎಲ್ಲಾ ಬೂದಿ ಕದಡಿದ ನೀರಿನ ಹಾಗೆ ಕಾಣ್ತಿತ್ತು. ಸ್ನಾಯು ಯಾವುದು, ಮೂಳೆಗೆ ಅಂಟೋ ಹುರಿ ಯಾವುದು, ತಿಳೀತಾನೇ ಇರಲಿಲ್ಲ." ರಜೆಯ ದಿನ ಡಾಕ್ಟರ ಒಪ್ಪಿಗೆ ಪಡೆದು ಗಂಡನನ್ನೇ ಕರೆತಂದು ಮಲಗಿಸಿ ಕಲಿತರು. ಬಸ್ ಚಾಲಕರಾದ ಗಂಡ ಈಗಲೂ ನಗುತ್ತಾರೆ: "ನನ್ನ ಮನಸ್ಸಲ್ಲಿ ಏನಿದೆ ಅಂತ ಇವಳಿಗೆ ಗೊತ್ತಾಗಲ್ಲ. ಮಂಡಿಯಲ್ಲಿ ಏನಿದೆ ಅಂತ ಕೇಳಿ, ಪಟಪಟ ಹೇಳ್ತಾಳೆ."

ಬೇರೆಯವರ ನೋವು ಹುಡುಕುವ ಈ ಕೆಲಸಕ್ಕೆ ತನ್ನದೇ ನೋವೂ ಉಂಟು. ಗಂಟೆಗಟ್ಟಲೆ ಕೈ ಚಾಚಿ ಒತ್ತಿ ಹಿಡಿದು ಬಲಭುಜ ಹಿಡಿದುಕೊಂಡಿದೆ. ಸಂಜೆ ಮಗಳೇ ತಲೆ ಬಾಚಿಕೊಡಬೇಕು. ಮಗಳದು ಬೇರೆ ದೂರು: "ಬೀದಿಯಲ್ಲಿ ಯಾರಾದ್ರೂ ಕುಂಟಿದ್ರೆ ಸಾಕು, ಅಮ್ಮನ ಮಾತು ಅರ್ಧಕ್ಕೇ ನಿಂತು ಕಣ್ಣು ಅವರ ಮಂಡಿಗೆ ಹೋಗುತ್ತೆ."

ಕಳೆದ ತಿಂಗಳು ನೆಲಕ್ಕೆ ಟೈಲ್ಸ್ ಹಾಕುವ ಮೇಸ್ತ್ರಿಯೊಬ್ಬರು ಬಂದಿದ್ದರು. ವರ್ಷಗಟ್ಟಲೆ ಮಂಡಿಯೂರಿ ದುಡಿದವರು. ಎಡಮಂಡಿ ಬುರುಬುರು ಊದಿತ್ತು. ಕೀಲು ಸವೆದು ಹೋಗಿದೆ ಎಂದು ಕಂಡಕಂಡವರೆಲ್ಲ ಹೇಳಿದ್ದರಿಂದ, ಅವರು ಟೈಲ್ಸ್ ಕತ್ತರಿಸುವ ಯಂತ್ರವನ್ನು ಭಾವಮೈದುನನಿಗೆ ಕೊಟ್ಟುಬಿಡಲೂ ಸಿದ್ಧರಾಗಿದ್ದರು.

ಮೇಡಂ ಮೊದಲು ನೋವಿಲ್ಲದ ಮಂಡಿ ನೋಡಿದರು, ಹೋಲಿಸಲು ಅದು ಬೇಕು. ಆಮೇಲೆ ಊದಿದ್ದನ್ನು ಮಡಚಿಸಿ, ಚಾಚಿಸಿ, ಸುತ್ತಲೂ ನೋಡಿ ಪರದೆಯನ್ನು ಅವರತ್ತ ತಿರುಗಿಸಿದರು. "ಅಣ್ಣಾ, ಈ ಕಪ್ಪಗಿರೋದು ನೀರು. ಚಿಪ್ಪಿನ ಮುಂದೆ, ಚರ್ಮದ ಕೆಳಗಿರೋ ಚೀಲದಲ್ಲಿ ನಿಂತಿದೆ. ಕೀಲಿನೊಳಗೆ ನೀರು ಕಾಣ್ತಿಲ್ಲ. ಆದ್ರೆ ತೀರಾ ಒಳಗಿನದೆಲ್ಲ ಇದರಲ್ಲಿ ಕಾಣಲ್ಲ. ಡಾಕ್ಟರ್ ನೋಡಿ ಹೇಳಲಿ."

ಡಾಕ್ಟರು ಬಂದು ಚಿತ್ರ ನೋಡಿದರು, ಮಂಡಿ ಒತ್ತಿ, ಬಾಗಿಸಿ ಪರೀಕ್ಷಿಸಿದರು. "ಕೀಲಿಗೆ ಏನೂ ಆದ ಹಾಗಿಲ್ಲ. ಮಂಡಿ ಊರಿ ಊರಿ ಆ ಚೀಲ ಊದಿಕೊಂಡಿದೆ. ಔಷಧಿ ಕೊಡ್ತೀನಿ, ಕೆಲವು ವಾರ ಮಂಡಿ ಊರಬೇಡಿ."

ಮೇಸ್ತ್ರಿ ಮಂಡಿಯನ್ನು ಮೆಲ್ಲಗೆ ಮಡಚಿ ನೋಡಿದರು. ಆಮೇಲೆ ಕೇಳಿದರು: "ಅಂದ್ರೆ, ನನ್ನ ಕೆಲಸ ನನಗಿದೆಯಾ?"

"ಇದೆ" ಎಂದರು ಡಾಕ್ಟರು. ಮೇಡಂ ಜೆಲ್ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದರು.

ಈ ವಾರ ಅದೇ ಮೇಸ್ತ್ರಿ ಬಾಗಿಲಲ್ಲಿ ಇಣುಕಿ, ಕೈಲಿದ್ದ, ಮಂಡಿಗೆ ಕಟ್ಟುವ ದಪ್ಪನೆಯ ಮೆತ್ತೆಗಳನ್ನು ಎತ್ತಿ ತೋರಿಸುತ್ತಾರೆ. "ಹೊರಟೆ ಕಣಮ್ಮಾ ಕೆಲಸಕ್ಕೆ." "ಎತ್ತಿ ತೋರಿಸಿದ್ರೆ ಆಗಲ್ಲ, ಕಟ್ಕೋಬೇಕು" ಎಂದು ಇವರು ಗದರುತ್ತಾರೆ.

ನಿಮಗೇನು ಬೇಕು ಎಂದರೆ ಮೇಡಂ ಕೋಣೆಯ ಎತ್ತರದ ಮಂಚ ತೋರಿಸುತ್ತಾರೆ. "ಬಟನ್ ಒತ್ತಿದ್ರೆ ಕೆಳಗೆ ಇಳಿಯೋ ಮಂಚ ಬೇಕು. ಮಂಡಿ ನೋವು ಅಂತ ಬಂದವರನ್ನ ಮೊದಲು ಸ್ಟೂಲ್ ಹತ್ತಿಸ್ತೀವಲ್ಲ, ಅದೊಂದು ನಿಲ್ಲಬೇಕು."