ಹಳೇ ವಿಳಾಸದ ಮೇಲೆ ಆರ್ವಿಡ್‌ನ ಸಿಟ್ಟು

ಅಮೆರಿಕದ ಡುಲೂತ್‌ನಲ್ಲಿ ಕೂತು ಆಸ್ಪತ್ರೆಗಳಿಗೆ ತಂತ್ರಾಂಶ ಬರೆಯುವ ಆರ್ವಿಡ್ ಲಾಹ್ತಿಗೆ ಮೂಗಿನ ತುದಿಯಲ್ಲೇ ಸಿಟ್ಟು. ರೋಗಿಯ ದಾಖಲೆಯಲ್ಲಿ ಯಾವ ಮಾಹಿತಿ ಕಂಪ್ಯೂಟರಿನೊಳಗೆ ಎಲ್ಲಿಂದ ಶುರುವಾಗುತ್ತದೆಂದು ಹೇಳುವ ಪುಟ್ಟ ಪ್ರೋಗ್ರಾಮೊಂದನ್ನು, ಅವನು ಸಿ ಭಾಷೆಯಲ್ಲಿ ಬರೆದ ಫಂಕ್ಷನ್ನನ್ನು, ಒಮ್ಮೆ ಕೇಳಿ, ಸಿಕ್ಕ ವಿಳಾಸವನ್ನೇ ಯಾರಾದರೂ ಕೊನೆತನಕ ನಂಬಿದರೆ ಮುಗಿಯಿತು. ಕಾಫಿ ಲೋಟ ಕುಕ್ಕಿ ಎದ್ದು ಬರುತ್ತಾನೆ. "ದಾಖಲೆ ಬೆಳೆದ ಹಾಗೆ ಜಾಗ ಬದಲಾಗತ್ತೆ ಕಣಯ್ಯಾ! ಪ್ರತಿ ಸಲ ಕೇಳು! ಕೇಳಿದ್ರೆ ನಿಮ್ಮಪ್ಪನ ಗಂಟೇನು ಹೋಗತ್ತೆ?" ಪ್ರೋಗ್ರಾಮ್ ಬೇಗ ಓಡಲೆಂದು ಹಾಗೆ ಮಾಡಿದೆ ಅಂದವರಿಗೆ, "ನಿನ್ನ ವೇಗಕ್ಕೆ ಬೆಂಕಿ ಬೀಳ!" ಜನವರಿಯ ಹಿಮದಲ್ಲೂ ಅವನ ಬೋಳುತಲೆ ಕಾದ ಹೆಂಚು. ತಂತ್ರಾಂಶ ಸರಿಯಿದೆಯೇ ಎಂದು ಅವನು ಮಾಡುವ ಪರೀಕ್ಷೆಗಳಲ್ಲೆಲ್ಲ ರೋಗಿ ಒಬ್ಬಳೇ, ಇರ್ಮಾ. ಅವಳಿಗಾಗದ ಔಷಧಿ ಪೆನಿಸಿಲಿನ್. ಹೊಸದಾಗಿ ಸೇರಿದ ಕೆಲ್ಸಿ, "ಯಾರ್ರೀ ಈ ಇರ್ಮಾ, ಹಳೇ ಲವ್ವಾ?" ಎಂದು ನಕ್ಕಳು. ಅಂದು ಅವನು ಲೋಟ ಕುಕ್ಕಲಿಲ್ಲ. "ನನ್ನ ತಂಗಿ. ಯಾವನೋ ಹಳೇ ವಿಳಾಸದಲ್ಲೇ ಹುಡುಕೋ ಹಾಗೆ ಬರೆದಿದ್ದ. ಡಾಕ್ಟರಿಗೆ ಆಗದ ಔಷಧಿಯ ಜಾಗ ಖಾಲಿ ಕಾಣಿಸ್ತು. ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟೇಬಿಟ್ರು."