ನಂಜಪ್ಪನ್ ಕೈಯ ರಕ್ತನಾಳ

ತಮಿಳು ಸೀಮೆಯ ಕುರಿಚಿಯ ಎರಕದ ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣದ ಬಕೆಟ್ಟಿಗೆ ಉದ್ದನೆಯ ಹಿಡಿ, ಹಿಡಿಗೆ ಇಬ್ಬರು ಆಳು. ಮುಂದೆ ನಂಜಪ್ಪನ್, ಹಿಂದೆ ಅವನ ಹೆಂಡತಿ ಸುಬ್ಬಾತಾಳಿನ ಅಣ್ಣ ರಾಜೇಂದ್ರನ್. ಒಬ್ಬ ಎಡವಿದರೆ ಇಬ್ಬರ ಕಾಲೂ ಸುಡಬೇಕು. ಹಾಗಾಗಿ ಅಲ್ಲಿ ಜೋಡಿಯೆಂದರೆ ಒಂದೇ ಮೈ; ಒಬ್ಬನ ಹೊಗೆಸೊಪ್ಪು, ಮಜ್ಜಿಗೆ ಎಲ್ಲ ಇಬ್ಬರದೂ.

2006ರ ಬೇಸಿಗೆಯಲ್ಲಿ ಬಕೆಟ್ಟು ಎತ್ತುವಾಗ ನಂಜಪ್ಪನ್‌ಗೆ ಎದೆ ಹಿಡಿಯಿತು. ಕಾರ್ಖಾನೆಯ ಧಣಿ, ಮೊದಲಾಳಿ, ನೋಡಿಬಿಟ್ಟ. ಆಸ್ಪತ್ರೆಯವರು ಸರಿ ಅಂದರೆ ಕುಲುಮೆಗೆ ಬಾ, ಇಲ್ಲವಾದರೆ ಮರಳು ಜರಡಿ ಹಿಡಿ ಅಂದ. ಜರಡಿ ಮುದುಕರ ಕೆಲಸ. ನಂಜಪ್ಪನ್‌ಗೆ ಇನ್ನೂ ನಲವತ್ತೊಂದು.

ಕಾಫಿ, ಹೊಗೆಸೊಪ್ಪು, ಮಾತ್ರೆ ಏನೂ ಮುಟ್ಟದೆ ಬರಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ಬೆಳಗ್ಗೆ ಬಸ್‌ಸ್ಟಾಪಿಗೆ ರಾಜೇಂದ್ರನ್ ಬಂದ. ಅವನಿಗೂ ಎದೆನೋವಿತ್ತು, ಕದ್ದು ಮಾತ್ರೆ ತಿನ್ನುತ್ತಿದ್ದ. ಅದು ಗೊತ್ತಿದ್ದದ್ದು ನಂಜಪ್ಪನ್‌ಗೆ ಮಾತ್ರ. ಅಂಥದೊಂದು ಮಾತ್ರೆಯನ್ನು ತಂಗಿಯ ಗಂಡನ ಮುಂದೆ ಹಿಡಿದ.

"ಇದ ನಾಲಿಗೆ ಅಡಿ ಇಟ್ಕೋ ಮಾಪಿಳ್ಳೆ. ನರ ಎಲ್ಲಾ ಬಾಯಿ ಬಿಡ್ತದೆ. ನಾನು ಇಲ್ವಾ, ಕುದುರೆ ಮಾದ್ರಿ?"

ನಂಜಪ್ಪನ್ ಹೊಗೆಸೊಪ್ಪು ಇಸಿದುಕೊಂಡಷ್ಟೇ ಸಲೀಸಾಗಿ ಇಸಿದುಕೊಂಡ.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವ ಹುಡುಗಿ ನಿವೇತಾ ಅವನ ಮುಂಗೈಗೆ ಪಟ್ಟಿ ಸುತ್ತಿ ಐದು ನಿಮಿಷ ಬಿಗಿದಳು. ಕೈ ಮರಗಟ್ಟಿತು. ಬಿಟ್ಟಕೂಡಲೇ ರಕ್ತ ನುಗ್ಗುತ್ತದೆ, ಆರೋಗ್ಯದ ನಾಳವಾದರೆ ಆಗ ಅಗಲವಾಗಬೇಕು. ಮೊಣಕೈ ಮೇಲಿನ ನಾಳವನ್ನು ಅವಳು ಪರದೆಯಲ್ಲಿ ನೋಡುತ್ತಿದ್ದಳು. ಮಾತ್ರೆಯಿಂದ ಆಗಲೇ ಅಗಲವಾಗಿದ್ದ ನಾಳ ಮತ್ತೆ ಕೂದಲೆಳೆಯಷ್ಟೂ ಅರಳಲಿಲ್ಲ.

ಅವಳಿಗೆ ಅನುಮಾನ ಬಂತು. ಮಾತ್ರೆ ತಿಂದಿದ್ದರೆ ಹೇಳಿ, ತಪ್ಪಿಲ್ಲ, ಇನ್ನೊಂದು ದಿನ ನೋಡೋಣ ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದಳು. ನಂಜಪ್ಪನ್ ಬಾಯಿ ತೆರೆದ. ಹೌದೆಂದರೆ ಯಾರ ಮಾತ್ರೆ ಎನ್ನುತ್ತಾರೆ. ಮಾತು ಮೊದಲಾಳಿಯ ಕಿವಿಗೆ ಹೋಗುತ್ತದೆ. ರಾಜೇಂದ್ರನ್ ಕೂಡ ಜರಡಿಗೆ ಬರುತ್ತಾನೆ.

"ಇಲ್ಲಮ್ಮಾ," ಅಂದ.

ನಾಳ ಕೆಟ್ಟಿದೆ ಎಂದು ಆಸ್ಪತ್ರೆಯವರು ಬರೆದುಕೊಟ್ಟರು, ಅವನಿಗೆ ಜರಡಿಯೇ ಆಯಿತು. ರಾಜೇಂದ್ರನ್‌ಗೆ ಹೊಸ ಜೋಡಿ ಸಿಕ್ಕಿತು. "ಏನು ಮಾಪಿಳ್ಳೆ, ಮಣ್ಣಾಟವಾ?" ಎಂದು ದಿನಾ ಕೆಣಕುತ್ತಿದ್ದ, ಆದರೆ ಮುಖ ನೋಡುತ್ತಿರಲಿಲ್ಲ.

ಆಡಿ ತಿಂಗಳಲ್ಲಿ, ನಮ್ಮ ಆಷಾಢದ ಹೊತ್ತಿಗೆ, ಒಂದು ಮಧ್ಯಾಹ್ನ ರಾಜೇಂದ್ರನ್ ಹಿಡಿ ಹಿಡಿದ ಹಾಗೇ ಕುಸಿದ. ಚೆಲ್ಲಿದ ಕಬ್ಬಿಣಕ್ಕೆ ಹೊಸ ಜೋಡಿಯ ಪಾದ ಬೆಂದಿತು. ರಾಜೇಂದ್ರನ್ ಮಾತ್ರ ನೆಲ ಮುಟ್ಟುವ ಮೊದಲೇ ಪ್ರಾಣ ಬಿಟ್ಟಿದ್ದನಂತೆ.

ಸತ್ತವನಿಗೆ ಹಾಲು ಬಿಟ್ಟು ಬಂದ ದಿನ ಸುಬ್ಬಾತಾಳ್ ಗಂಡನ ಎದುರು ಕೂತಳು.

"ಅಣ್ಣನಿಗೆ ಎದೆನೋವು ಇದ್ದದ್ದು ನಿನಗೆ ತೆರಿಯುಮಾ?"

ಸುಳ್ಳು ಹೇಳಬಹುದಿತ್ತು. ಒಮ್ಮೆ ಹೇಳಿ ನೋಡಿದ್ದಾಗಿತ್ತು.

"ಗೊತ್ತಿತ್ತು," ಅಂದ.

ಅವಳು ಅಳಲಿಲ್ಲ. ಎದ್ದು ಅನ್ನ ಬಡಿಸಿದಳು, ತಟ್ಟೆಯನ್ನು ನೆಲದ ಮೇಲೆ ಅವನ ಕಡೆಗೆ ತಳ್ಳಿ ಒಳಗೆ ಹೋದಳು. ಈಗಲೂ ಹಾಗೇ ಬಡಿಸುತ್ತಾಳೆ.